ಗಂಜಿ ಮತ್ತು ಲವಂಗದೆಣ್ಣೆಯಿಂದ ಬೂಸ್ಟು ತಡೆಯುವ ಹಾಳೆ: ನಾನು ಮಾಡುವ ರೀತಿ

ಅಪ್ಪನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಅವರು ಬ್ರೆಡ್ ತಿನ್ನುತ್ತಿದ್ದರು. ನಾನು ಪಕ್ಕಕ್ಕೆ ಬಂದು ನೋಡಿದರೆ ತುಂಡಿನ ಅಂಚಿನಲ್ಲಿ ಹಸಿರು ಬೂಸ್ಟು. ಅರ್ಧ ತಿಂದಾಗಿತ್ತು. ಅವರಿಗೆ ಏನೂ ಆಗಲಿಲ್ಲ. ಆದರೆ ನನಗೆ ದಿನವಿಡೀ ಸಮಾಧಾನ ಇರಲಿಲ್ಲ. ಆ ಬ್ರೆಡ್ ಮಾಡಿದವಳು ನಾನು. ಇನ್ನೂ ಸ್ವಲ್ಪ ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದವಳೂ ನಾನೇ. ಒಳಗೆ ನೀರಿನ ಹನಿ ಕಟ್ಟಿತ್ತು. ಬೂಸ್ಟಿಗೆ ಬೇಕಾದದ್ದು ಅದೇ.

ಶಾಲೆಯೊಂದರ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷ ಸಹಾಯಕಿಯಾಗಿದ್ದೆ. ಅಳೆಯುವುದು, ಚೀಟಿ ಅಂಟಿಸುವುದು, ಬರೆದಿಡುವುದು ಮೈಗೆ ಹತ್ತಿದ ಅಭ್ಯಾಸ. ಆ ವಾರವೇ ಒಂದು ಹೊಸ ನೋಟ್‌ಬುಕ್ ತೆಗೆದು, ಬ್ರೆಡ್ಡಿಗೆ ಬೂಸ್ಟು ಬಾರದಂತೆ ತಡೆಯುವ, ಗಂಜಿಯಿಂದ ಮಾಡಿದ ತೆಳು ಹಾಳೆಯ ಪ್ರಯತ್ನ ಶುರು ಮಾಡಿದೆ. ಈಗ ಅದು ಎರಡನೇ ನೋಟ್‌ಬುಕ್. ಅದರಲ್ಲಿ ಕೆಟ್ಟುಹೋದ ಗಂಜಿ ಹಾಳೆಗಳ ಲೆಕ್ಕವೇ ಜಾಸ್ತಿ. ಆ ಕೆಟ್ಟವುಗಳಿಂದ ಕಲಿತದ್ದನ್ನು ಸೇರಿಸಿ, ಈಗ ನಾನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಹಾಳೆ ಬ್ರೆಡ್ಡಿಗೆ ಕೆಲವು ದಿನ ಹೆಚ್ಚು ಕೊಡುತ್ತದೆ, ಅಷ್ಟೇ. ಕೆಟ್ಟದ್ದನ್ನು ಒಳ್ಳೆಯದು ಮಾಡುವುದಿಲ್ಲ. ಮಾಂಸ, ಮೀನು, ಬೇಯಿಸಿದ ಅಡುಗೆ ಇವುಗಳಿಗೆ ಫ್ರಿಜ್ಜಿನ ಬದಲು ಇದನ್ನು ನಂಬಬೇಡಿ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅದನ್ನು ತಡೆಯುವಷ್ಟು ಶಕ್ತಿ ಮನೆಯಲ್ಲಿ ಮಾಡಿದ ಯಾವ ಹಾಳೆಗೂ ಇಲ್ಲ. ಗಾಳಿಯಾಡದಂತೆ ಕಟ್ಟಿದ ಅಡುಗೆಯಲ್ಲಿ ಬಾಟ್ಯುಲಿಸಂ ಎಂಬ, ಜೀವಕ್ಕೇ ಕುತ್ತಾಗಬಲ್ಲ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದಕ್ಕೆ ಗಾಳಿ ಬೇಡ, ವಾಸನೆಯೂ ಬರಲೇಬೇಕೆಂದಿಲ್ಲ. ಹಾಗಾಗಿ ನಾನು ಇದನ್ನು ಬ್ರೆಡ್, ಬಿಸ್ಕತ್ತು, ಒಣಹಣ್ಣು, ಬೀಜಗಳಿಗೆ ಇಟ್ಟುಕೊಂಡಿದ್ದೇನೆ. ಗಟ್ಟಿ ಚೀಸ್‌ಗೂ ಬಳಸುತ್ತೇನೆ, ಅದು ಫ್ರಿಜ್ಜಿನ ಒಳಗೆ.

ಹಾಳೆಯ ಕೆಲಸ ಬೇರೆ, ಎಣ್ಣೆಯ ಕೆಲಸ ಬೇರೆ

ಇದು ತಲೆಗೆ ಹೋಗುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಹಾಳೆ ಅಂದರೆ ಒಣಗಿದ ಗಂಜಿ. ಬಟ್ಟೆಗೆ ಗಂಜಿ ಹಾಕಿ ಒಣಗಿಸಿದರೆ ಬಿರುಸಾಗುತ್ತದಲ್ವಾ, ಅದೇ ವಿದ್ಯೆ. ಗಂಜಿ ಕಟ್ಟುವುದು ಪಿಷ್ಟ, ಅಂದರೆ ಸ್ಟಾರ್ಚ್. ಅದರಲ್ಲಿ ಸಕ್ಕರೆಯ ಸಣ್ಣ ಕಣಗಳು ಸಾಲಾಗಿ ಕೂಡಿದ ಎರಡು ಬಗೆಯ ಸರಪಳಿಗಳಿವೆ. ಅಮೈಲೋಸ್ ನೇರವಾದದ್ದು, ಅಮೈಲೋಪೆಕ್ಟಿನ್ ಕವಲು ಕವಲಾದದ್ದು. ನೀರಿನಲ್ಲಿ ಕುದಿಸಿದಾಗ ಪಿಷ್ಟದ ಕಾಳುಗಳು ಉಬ್ಬಿ ಒಡೆಯುತ್ತವೆ, ಅಮೈಲೋಸ್ ಹೊರಗೆ ಬರುತ್ತದೆ. ನೀರು ಆರುತ್ತಾ ಹೋದಂತೆ ಆ ನೇರ ಸರಪಳಿಗಳು ಒಂದಕ್ಕೊಂದು ಹತ್ತಿರ ಬಂದು ಹಿಡಿದುಕೊಳ್ಳುತ್ತವೆ. ಹಾಳೆಗೆ ಗಟ್ಟಿತನ ಬರುವುದು ಅಲ್ಲಿಂದ. ಕಾರ್ನ್‌ಫ್ಲೋರ್ ಅಂದರೆ ಮೆಕ್ಕೆಜೋಳದ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಕಾಲು ಭಾಗ. ಮರಗೆಣಸಿನ ಪಿಷ್ಟದಲ್ಲಿ ಅದಕ್ಕಿಂತ ಕಡಿಮೆ. ಅದರ ಹಾಳೆ ಹೆಚ್ಚು ತಿಳಿಯಾಗಿ ಚೆನ್ನಾಗಿ ಕಾಣುತ್ತದೆ, ಆದರೆ ನನ್ನ ಕೈಯಲ್ಲಿ ಬೇಗ ಹರಿದಿದೆ. ಅದಕ್ಕೇ ನಾನು ಕಾರ್ನ್‌ಫ್ಲೋರ್‌ಗೇ ನಿಂತುಬಿಟ್ಟೆ.

ಬರೀ ಗಂಜಿ ಒಣಗಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಸರಪಳಿಗಳ ನಡುವೆ ಕೂತು ಅವನ್ನು ಸ್ವಲ್ಪ ದೂರ ಇಡುವ ಒಂದು ವಸ್ತು ಬೇಕು. ಅದು ಗ್ಲಿಸರಿನ್. ಪಿಷ್ಟದ ತೂಕದ ಶೇಕಡಾ 30ರಷ್ಟು ಹಾಕಿದರೆ ಹಾಳೆ ಬಾಗುತ್ತದೆ, ಮಡಚಬಹುದು. ಶೇಕಡಾ 20ಕ್ಕಿಂತ ಕಡಿಮೆ ಹಾಕಿದಾಗ ನನ್ನ ಹಾಳೆಗಳು ಮಡಿಕೆಯಲ್ಲಿ ಬಿರುಕು ಬಿಟ್ಟವು. 40 ದಾಟಿದಾಗ ಬೆರಳಿಗೆ ಅಂಟಿದವು. ಗ್ಲಿಸರಿನ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ, ಅದು ಅದರ ಗುಣ. ಹಾಗಾಗಿ ತೇವದ ದಿನಗಳಲ್ಲಿ 25 ಸಾಕು.

ಇಷ್ಟು ಮಾಡಿದರೆ ಮಣ್ಣಿನಲ್ಲಿ ಕರಗುವ ಹಾಳೆ ಸಿಗುತ್ತದೆ. ಆದರೆ ಅದು ಬೂಸ್ಟನ್ನು ತಡೆಯುವುದಿಲ್ಲ. ಪಿಷ್ಟ ಅಂದರೆ ಬೂಸ್ಟಿಗೂ ಊಟವೇ ಅಲ್ವಾ. ಎಣ್ಣೆ ಹಾಕದ ಹಾಳೆಯೊಂದು ಒಣಗುತ್ತಿರುವಾಗಲೇ ಬೂಸ್ಟು ಹಿಡಿದದ್ದನ್ನು ನಾನು ನೋಡಿದ್ದೇನೆ.

ತಡೆಯುವ ಕೆಲಸ ಸಸ್ಯದ ಸುಗಂಧ ತೈಲದ್ದು. ಲವಂಗದೆಣ್ಣೆಯಲ್ಲಿ ಯೂಜಿನಾಲ್, ದಾಲ್ಚಿನ್ನಿ ತೊಗಟೆಯ ಎಣ್ಣೆಯಲ್ಲಿ ಸಿನಮಾಲ್ಡಿಹೈಡ್, ಓಮದ ಎಣ್ಣೆಯಲ್ಲಿ ಥೈಮಾಲ್. ಇವು ನೀರಿಗಿಂತ ಕೊಬ್ಬಿನ ಜೊತೆ ಬೇಗ ಬೆರೆಯುವ ವಸ್ತುಗಳು. ಸೂಕ್ಷ್ಮಜೀವಿಯ ಹೊರಪೊರೆ ಕೊಬ್ಬಿನಿಂದಾದದ್ದು. ಯೂಜಿನಾಲ್, ಥೈಮಾಲ್ ಆ ಪೊರೆಯೊಳಗೆ ನುಸುಳಿ ಅದನ್ನು ಸಡಿಲ ಮಾಡುತ್ತವೆ. ಒಳಗಿನ ಲವಣ ಸೋರಿಹೋಗುತ್ತದೆ, ಜೀವಕೋಶ ಸೋಲುತ್ತದೆ. ಬೂಸ್ಟು ಇವಕ್ಕೆ ಬೇಗ ಬಗ್ಗುತ್ತದೆ. ಈ.ಕೋಲಿ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೆ ಇನ್ನೊಂದು ಹೊರಕವಚ ಇರುತ್ತದೆ, ಅವು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಇದನ್ನು ಬೂಸ್ಟು ತಡೆಯುವ ಹಾಳೆ ಅಂತ ನಾನು ಕರೆಯುವುದು ಇದಕ್ಕೇ. ರೋಗಾಣು ಕೊಲ್ಲುವ ಹಾಳೆ ಅಂತ ಎಂದೂ ಹೇಳುವುದಿಲ್ಲ.

ಸಾಮಾನು

ಲವಂಗವನ್ನು ಪುಡಿ ಮಾಡಿ ಹಾಕಿದರೆ ಆಗದಾ ಅಂತ ನೀವು ಕೇಳಬಹುದು. ನಾನೂ ಅಲ್ಲಿಂದಲೇ ಶುರು ಮಾಡಿದೆ. ಆಗುವುದಿಲ್ಲ. ಪುಡಿಯ ಕಣ ಇರುವಲ್ಲೆಲ್ಲ ಹಾಳೆಗೆ ತೂತು ಬೀಳುತ್ತದೆ. ಪುಡಿಯ ಜೊತೆ ಬೂಸ್ಟಿನ ಬೀಜಕಣಗಳೂ ಬರುತ್ತವೆ. ಕಷಾಯ ಮಾಡಿದರೂ ಅಷ್ಟೇ, ಯೂಜಿನಾಲ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಎಣ್ಣೆಯೇ ಬೇಕು.

ಎಣ್ಣೆ ಕೊಳ್ಳುವಾಗ ಸಸ್ಯದ ಯಾವ ಭಾಗದ್ದು ಅಂತ ಚೀಟಿಯಲ್ಲಿ ಓದಿ. ಒಂದು ಸಲ ದಾಲ್ಚಿನ್ನಿ ಎಣ್ಣೆ ಅಂತ ತಂದದ್ದು ಎಲೆಯ ಎಣ್ಣೆಯಾಗಿತ್ತು. ಎಲೆಯ ಎಣ್ಣೆಯಲ್ಲಿ ಹೆಚ್ಚಾಗಿರುವುದು ಯೂಜಿನಾಲ್, ತೊಗಟೆಯಲ್ಲಿ ಸಿನಮಾಲ್ಡಿಹೈಡ್. ಒಂದೇ ಗಿಡ, ಎರಡು ಬೇರೆ ಬೇರೆ ಎಣ್ಣೆ. ನನ್ನ ನೋಟ್‌ಬುಕ್ಕಿನ ಎರಡು ತಿಂಗಳ ಹೋಲಿಕೆ ಅದರಿಂದ ಹಾಳಾಯಿತು. ಬರೀ ಪರಿಮಳಕ್ಕೆ ಅಂತ ಮಾರುವ ಎಣ್ಣೆ ಬೇಡ. ಆಹಾರಕ್ಕೆ ಬಳಸಬಹುದು ಅಂತ ಬರೆದಿರಬೇಕು.

ಗ್ಲಿಸರಿನ್ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಗ್ಲಿಸರಿನ್ ಔಷಧಿಗೆ ಸೇರಿ ಜನ ಸತ್ತ ಘಟನೆಗಳು ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ನಡೆದಿವೆ. ನೋಡುವುದಕ್ಕೆ ಎರಡೂ ಒಂದೇ ಥರ. ಸಸ್ಯದಿಂದ ಮಾಡಿದ, ಆಹಾರ ದರ್ಜೆಯ, ಮುದ್ರೆ ಒಡೆಯದ ಬಾಟಲಿಯನ್ನೇ ತನ್ನಿ.

ಎಣ್ಣೆ ಮತ್ತು ನೀರನ್ನು ಸೇರಿಸಲು ಲೆಸಿಥಿನ್ ಬೇಕು. ನಾನು ಸೂರ್ಯಕಾಂತಿಯ ದ್ರವ ಲೆಸಿಥಿನ್ ಬಳಸುತ್ತೇನೆ. ಸೋಯಾದ್ದೂ ಆಗುತ್ತದೆ. ಆದರೆ ಸೋಯಾ ಆಗದವರು ಮನೆಗೆ ಬಂದರೆ ಅನ್ನುವ ಯೋಚನೆ ನನಗೆ. ಕೈಟೊಸಾನ್ ಬಗ್ಗೆಯೂ ಕೆಲವರು ಹೇಳುತ್ತಾರೆ. ಅದರಿಂದ ಒಳ್ಳೆಯ ಹಾಳೆಯಾಗುತ್ತದೆ ನಿಜ. ಆದರೆ ಹೆಚ್ಚಿನ ಕೈಟೊಸಾನ್ ಬರುವುದು ಸಿಗಡಿ, ಏಡಿಗಳ ಚಿಪ್ಪಿನಿಂದ. ಸಸ್ಯದ್ದು ಮಾತ್ರ ಬೇಕು ಅನ್ನುವವರಿಗೆ ಅದು ಸಲ್ಲದು.

ಇನ್ನು ಉಪಕರಣ. 0.1 ಗ್ರಾಂ ತೋರಿಸುವ ತೂಕದ ಯಂತ್ರ, ಥರ್ಮಾಮೀಟರ್, ದಪ್ಪ ತಳದ ಪಾತ್ರೆ, ಹ್ಯಾಂಡ್ ಬ್ಲೆಂಡರ್, 30 ಸೆಂ.ಮೀ. ಉದ್ದ 25 ಸೆಂ.ಮೀ. ಅಗಲದ ಚಪ್ಪಟೆ ಟ್ರೇ, ಅದರೊಳಗೆ ಹಾಸಲು ಸಿಲಿಕೋನ್ ಹಾಳೆ. ಎಣ್ಣೆ ಬೆರೆಸಲು ಗಾಜಿನ ಬಟ್ಟಲು. ಇಂಥ ಎಣ್ಣೆಗಳು ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಕರಗಿಸುತ್ತವೆ. ನನ್ನ ಒಂದು ಚಮಚದ ತುದಿ ಹಾಗೇ ಹೋಯಿತು.

ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಅಚ್ಚ ಎಣ್ಣೆ ಚರ್ಮಕ್ಕೆ ಉರಿ ತರುತ್ತದೆ, ಕೆಲವರಿಗೆ ಅಲರ್ಜಿಯನ್ನೂ ತರುತ್ತದೆ. ಬಾಟಲಿ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಅಪಾಯ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನು ಆ ಹೊತ್ತಿಗೆ ಬೇರೆ ಕೋಣೆಯಲ್ಲಿ ಬಿಡಿ. ಈ ಬಗೆಯ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ.

ಕುದಿಸುವುದು, ಬೆರೆಸುವುದು, ಸುರಿಯುವುದು

200 ಗ್ರಾಂ ನೀರು, 8 ಗ್ರಾಂ ಕಾರ್ನ್‌ಫ್ಲೋರ್, 2.4 ಗ್ರಾಂ ಗ್ಲಿಸರಿನ್, 0.8 ಗ್ರಾಂ ಲವಂಗದೆಣ್ಣೆ, 0.2 ಗ್ರಾಂ ಲೆಸಿಥಿನ್. ಇದು ನನ್ನ ಮೂಲ ಅಳತೆ. ಒಂದು ಟ್ರೇಗೆ ಸರಿಹೋಗುತ್ತದೆ. ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಹಾಕಬೇಡಿ. ಒಂದು ಡ್ರಾಪರಿನ ಹನಿ ಇನ್ನೊಂದರ ಹನಿಯಷ್ಟೇ ಇರುವುದಿಲ್ಲ. ತೂಗಿಯೇ ಹಾಕಿ.

ತಣ್ಣೀರಿಗೇ ಕಾರ್ನ್‌ಫ್ಲೋರ್ ಹಾಕಿ ಗಂಟಿಲ್ಲದಂತೆ ಕದಡಿ. ಗ್ಲಿಸರಿನ್ ಸೇರಿಸಿ. ಪಾತ್ರೆ ಸಮೇತ ಒಟ್ಟು ತೂಕ ಬರೆದುಕೊಳ್ಳಿ, ಇದು ಮುಂದೆ ಬೇಕಾಗುತ್ತದೆ. ಸಣ್ಣ ಉರಿಯಲ್ಲಿ ಇಟ್ಟು ತಿರುವುತ್ತಲೇ ಇರಿ. 65 ಡಿಗ್ರಿ ಹತ್ತಿರ ಬಂದಾಗ ಹಾಲಿನಂತಿದ್ದದ್ದು ನಿಧಾನವಾಗಿ ಅರೆಪಾರದರ್ಶಕವಾಗುತ್ತದೆ. ಕೈಗೆ ಭಾರ ತಿಳಿಯುತ್ತದೆ. ಇಲ್ಲಿಗೆ ಆಯಿತು ಅಂತ ಇಳಿಸಬೇಡಿ, ಮೊದಲ ಹತ್ತು ಹಾಳೆಯಲ್ಲಿ ನಾನು ಮಾಡಿದ ತಪ್ಪು ಇದು. ಕಾಳುಗಳು ಉಬ್ಬಿರುತ್ತವೆ, ಪೂರ್ತಿ ಒಡೆದಿರುವುದಿಲ್ಲ. ಹಾಗೆ ಸುರಿದರೆ ಹಾಳೆ ಮಾಸಲಾಗಿ, ಪುಡಿಪುಡಿಯಾಗಿ ಬರುತ್ತದೆ. 90 ಡಿಗ್ರಿಗೆ ಏರಿಸಿ, ಅಲ್ಲಿ 20 ನಿಮಿಷ ಹಿಡಿದಿಡಿ. ಮೇಲೆ ಮುಚ್ಚಳ ಇಡಿ, ನಡುನಡುವೆ ತಿರುವಿ.

ಇಳಿಸಿದ ಮೇಲೆ ಮತ್ತೆ ತೂಗಿ. ಎಷ್ಟು ಕಡಿಮೆಯಾಗಿದೆಯೋ ಅಷ್ಟು ಬಿಸಿನೀರು ಸೇರಿಸಿ. ಇದನ್ನು ಮಾಡದಿದ್ದರೆ ಒಂದೊಂದು ಸಲ ಒಂದೊಂದು ದಪ್ಪ ಬರುತ್ತದೆ, ಯಾವ ಹೋಲಿಕೆಯೂ ನಿಲ್ಲುವುದಿಲ್ಲ.

ಈಗ 55 ಡಿಗ್ರಿಗೆ ಆರಲು ಬಿಡಿ. ಎಣ್ಣೆ ಹಾಕಲು ಅದು ಸರಿಯಾದ ಹೊತ್ತು. ಹೆಚ್ಚು ಬಿಸಿ ಇರುವಾಗ ಹಾಕಿದರೆ ಮನೆಯೆಲ್ಲ ಘಮಘಮ ಅನ್ನುತ್ತದೆ. ಖುಷಿಪಡುವಂಥದ್ದೇನೂ ಅಲ್ಲ ಅದು, ಹಾಳೆಯಲ್ಲಿ ಇರಬೇಕಾದದ್ದು ಗಾಳಿಗೆ ಹೋಗುತ್ತಿದೆ ಅಂತ ಅರ್ಥ. ತುಂಬಾ ತಣ್ಣಗಾದರೆ ಗಂಜಿ ಗಟ್ಟಿಯಾಗಿ ಸುರಿಯಲು ಬರುವುದಿಲ್ಲ.

ಗಾಜಿನ ಬಟ್ಟಲಲ್ಲಿ ಎಣ್ಣೆ ಮತ್ತು ಲೆಸಿಥಿನ್ ಕಲಸಿ. ಅದಕ್ಕೆ ಎರಡು ಚಮಚ ಗಂಜಿ ಹಾಕಿ ಚೆನ್ನಾಗಿ ಕದಡಿ, ಬೆಳ್ಳಗಾಗಬೇಕು. ಅದನ್ನು ಉಳಿದ ಗಂಜಿಗೆ ಸುರಿದು ಹ್ಯಾಂಡ್ ಬ್ಲೆಂಡರಿನ ಬಾಯಿ ಪೂರ್ತಿ ಮುಳುಗುವಂತೆ ಹಿಡಿದು ಎರಡು ನಿಮಿಷ ಓಡಿಸಿ. ಬ್ಲೆಂಡರ್ ಮೇಲೆ ಬಂದರೆ ಗಾಳಿ ಸೇರಿ ಗುಳ್ಳೆ ತುಂಬುತ್ತದೆ. ಗುಳ್ಳೆ ಇದ್ದಲ್ಲಿ ಒಣಗಿದ ಮೇಲೆ ಸೂಜಿತೂತು. ಮುಚ್ಚಿ ಹತ್ತು ನಿಮಿಷ ಬಿಡಿ, ಗುಳ್ಳೆ ಮೇಲೆ ಬರುತ್ತದೆ. ಅದನ್ನು ಚಮಚದಲ್ಲಿ ತೆಗೆಯಿರಿ.

ಲೆಸಿಥಿನ್ ಬಿಟ್ಟು ಮಾಡಿದ ಒಂದು ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಎಣ್ಣೆ ಅಲ್ಲಲ್ಲಿ ಕಲೆ ಕಟ್ಟಿ ಬೆವರಿದಂತೆ ಹೊರಗೆ ಬಂದಿದೆ. ಕಲೆ ಇದ್ದ ಕಡೆ ಬ್ರೆಡ್ಡಿಗೆ ಖಾರ ಹತ್ತಿತು. ಕಲೆ ಇಲ್ಲದ ಕಡೆ ಬೂಸ್ಟು ಬಂತು. ಒಂದೇ ಹಾಳೆಯಲ್ಲಿ ಎರಡು ಪಾಠ.

ಟ್ರೇ ಸಮತಟ್ಟಾಗಿದೆಯಾ ನೋಡಿ. ಸ್ವಲ್ಪ ನೀರು ಸುರಿದರೆ ಯಾವ ಕಡೆಗೆ ಹರಿಯುತ್ತದೆ ಅಂತ ಗೊತ್ತಾಗುತ್ತದೆ. ಅಡಿಗೆ ಕಾಗದದ ತುಂಡು ಕೊಟ್ಟು ಸರಿಮಾಡಿ, ನೀರು ಒರೆಸಿ, ಆಮೇಲೆ ಗಂಜಿಯನ್ನು ನಡುವಿನಿಂದ ಸುರಿಯಿರಿ. ಮೂರು ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಆಳ ನಿಲ್ಲುತ್ತದೆ. ಒಣಗಿದ ಮೇಲೆ ಅದು 0.1 ಮಿ.ಮೀ. ಹತ್ತಿರ ಬರುತ್ತದೆ. ಪ್ರಿಂಟರಿಗೆ ಹಾಕುವ ಕಾಗದದ ದಪ್ಪವೂ ಸುಮಾರು ಅಷ್ಟೇ. ಕೈಯಲ್ಲಿ ಹಿಡಿದು ಹೋಲಿಸಬಹುದು.

ಒಣಗಿಸುವುದು

ಇಲ್ಲಿ ಅವಸರ ಮಾಡಿದರೆ ಎಲ್ಲ ಕೆಲಸ ನೀರುಪಾಲು. ಒಲೆಯ ಮೇಲೋ ಬಿಸಿಲಿಗೋ ಇಟ್ಟರೆ ಅಂಚು ಮೊದಲು ಒಣಗಿ ಮುರುಟಿ ಬಿರುಕು ಬಿಡುತ್ತದೆ, ಎಣ್ಣೆಯೂ ಹಾರುತ್ತದೆ. ತೀರಾ ನಿಧಾನವಾದರೆ ಹಾಳೆಯೇ ಕೆಡಬಹುದು. ಗಾಳಿಯಾಡುವ ಕೋಣೆಯಲ್ಲಿ, ನೆರಳಿನಲ್ಲಿ, ಮೇಲೆ ತೆಳು ಬಟ್ಟೆ ಹೊದಿಸಿ ಎರಡು ದಿನ ಇಡುತ್ತೇನೆ. ಬಟ್ಟೆ ಗಂಜಿಗೆ ತಾಗಬಾರದು. ಆಹಾರ ಒಣಗಿಸುವ ಡಿಹೈಡ್ರೇಟರ್ ಇದ್ದರೆ 40 ಡಿಗ್ರಿಯಲ್ಲಿ ಒಂದು ರಾತ್ರಿ ಸಾಕು. ಅದಕ್ಕಿಂತ ಹೆಚ್ಚು ಬಿಸಿ ಬೇಡ.

ನಡುವೆ ಬೆರಳಿಟ್ಟರೆ ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ. ಅಂಚು ತಾನಾಗಿ ಸ್ವಲ್ಪ ಮೇಲೆದ್ದರೆ ಸಿದ್ಧ. ಆದರೂ ತಕ್ಷಣ ಕೀಳಬೇಡಿ. ತುಂಬಾ ಒಣಗಿದ ಹಾಳೆ ಗಾಜಿನಂತೆ ಒಡೆಯುತ್ತದೆ. ಕೆಲವು ಗಂಟೆ ಕೋಣೆಯ ಗಾಳಿಗೆ ಬಿಟ್ಟರೆ ಒಂದಿಷ್ಟು ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಆಮೇಲೆ ಒಂದು ಮೂಲೆಯಿಂದ, ಟ್ರೇಗೆ ಹತ್ತಿರವಾಗಿ ಹಿಂದಕ್ಕೆ ಮಡಚಿದಂತೆ ಎಳೆಯಿರಿ. ಮೇಲಕ್ಕೆ ಎತ್ತಿ ಎಳೆದರೆ ಹರಿಯುತ್ತದೆ.

ಕತ್ತರಿಸಿ, ಮುಚ್ಚಳ ಬಿಗಿಯಾದ ಗಾಜಿನ ಜಾಡಿಯಲ್ಲಿಡಿ. ಹೊರಗೆ ಬಿಟ್ಟರೆ ದಿನದಿಂದ ದಿನಕ್ಕೆ ಎಣ್ಣೆ ಹೋಗುತ್ತಿರುತ್ತದೆ. ಜೊತೆಗೆ ಪಿಷ್ಟದ ಸರಪಳಿಗಳು ಇನ್ನೂ ಬಿಗಿಯಾಗಿ ಸೇರಿಕೊಂಡು ಹಾಳೆ ಬಿರುಸಾಗುತ್ತದೆ. ಹಳೆಯ ಬ್ರೆಡ್ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ನಾನು ಮೂರು ವಾರದೊಳಗೆ ಬಳಸಿ ಮುಗಿಸುತ್ತೇನೆ.

ಸುತ್ತುವುದಕ್ಕಿಂತ ಮುಚ್ಚಳಕ್ಕೆ ಅಂಟಿಸುವುದು ಮೇಲು

ನೇರವಾಗಿ ಬ್ರೆಡ್ಡಿಗೆ ಸುತ್ತಿದ ನನ್ನ ಮೊದಲ ಹಾಳೆಗಳನ್ನು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಬ್ರೆಡ್ಡಿಗೆ ಲವಂಗದ ಘಾಟು. ಇನ್ನೊಂದು ತೊಂದರೆ ಏನೆಂದರೆ, ಪಿಷ್ಟದ ಹಾಳೆ ಒಣಗಿರುವಾಗ ಆಮ್ಲಜನಕವನ್ನು ಚೆನ್ನಾಗಿ ತಡೆದರೂ ನೀರಿನ ಆವಿಯನ್ನು ತಡೆಯುವುದಿಲ್ಲ. ಬೂಸ್ಟು ಬರಲಿಲ್ಲ ಸರಿ, ಬ್ರೆಡ್ ಒಣಗಿ ರಸ್ಕ್ ಆಯಿತು.

ಆಗ ಹೊಳೆದದ್ದು ಇದು. ಈ ಎಣ್ಣೆಗಳು ಆವಿಯಾಗಿಯೂ ಕೆಲಸ ಮಾಡುತ್ತವೆ. ಬೂಸ್ಟು ಬರುವುದು ಮೇಲ್ಮೈಯಲ್ಲಿ, ಆವಿ ಮುಟ್ಟುವುದೂ ಮೇಲ್ಮೈಯನ್ನೇ. ಹಾಗಿದ್ದಮೇಲೆ ತಾಗಿಸುವುದು ಯಾಕೆ? ಒಂದು ಲೀಟರಿನ ಗಾಜಿನ ಡಬ್ಬಿಗೆ 10 ಸೆಂ.ಮೀ. ಚೌಕದ ಒಂದು ತುಂಡು ಸಾಕು. ಮುಚ್ಚಳದ ಒಳಭಾಗಕ್ಕೆ ನಾಲ್ಕು ಮೂಲೆಯಲ್ಲಿ ಒದ್ದೆ ಬೆರಳು ಒತ್ತಿ ಅಂಟಿಸುತ್ತೇನೆ. ಗಂಜಿ ತಾನೇ ಗೋಂದು ಆಗುತ್ತದೆ. ಬ್ರೆಡ್ ಪೂರ್ತಿ ತಣ್ಣಗಾದ ಮೇಲೆ ಒಳಗಿಟ್ಟು ಮುಚ್ಚುತ್ತೇನೆ. ಡಬ್ಬಿ ತೇವವನ್ನು ಹಿಡಿಯುತ್ತದೆ, ಹಾಳೆ ಬೂಸ್ಟನ್ನು ತಡೆಯುತ್ತದೆ. ಎಣ್ಣೆ ಅರ್ಧಕ್ಕಿಳಿಸಿದರೂ ಕೆಲಸ ನಡೆಯುತ್ತದೆ. ಡಬ್ಬಿಯನ್ನು ದಿನಕ್ಕೆ ಹತ್ತು ಸಲ ತೆರೆದರೆ ಮಾತ್ರ ಆವಿ ನಿಲ್ಲುವುದಿಲ್ಲ. ಎರಡು ದಿನಕ್ಕಾಗುವಷ್ಟು ಬ್ರೆಡ್ ತುಂಡುಗಳನ್ನು ಬೇರೆ ತೆಗೆದಿಟ್ಟುಕೊಳ್ಳಿ.

ಚೀಸ್‌ಗೆ ಇಷ್ಟು ಸಾಲುವುದಿಲ್ಲ. ಕೊಬ್ಬು ಮತ್ತು ಪ್ರೋಟೀನು ಈ ಎಣ್ಣೆಯನ್ನು ಹೀರಿಟ್ಟುಕೊಳ್ಳುತ್ತವೆ, ಬೂಸ್ಟಿಗೆ ಸಿಗುವುದು ಕಡಿಮೆ. ಅಲ್ಲಿ ಹಾಳೆಯನ್ನು ನೇರವಾಗಿ ಸುತ್ತುತ್ತೇನೆ, ರುಚಿಗೆ ಹೊಂದುವ ಓಮದ ಎಣ್ಣೆ ಬಳಸುತ್ತೇನೆ. ಬೀಜಗಳಿಗೆ ಸಣ್ಣ ಪೊಟ್ಟಣ ಮಾಡುತ್ತೇನೆ. ಅಂಚಿಗೆ ನೀರು ಸವರಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ.

ಖಾಲಿ ಹಾಳೆ ಇಲ್ಲದೆ ಪರೀಕ್ಷೆ ಬೇಡ

ನಿಮ್ಮ ಹಾಳೆ ನಿಜವಾಗಿ ಕೆಲಸ ಮಾಡುತ್ತಿದೆಯಾ? ಬ್ರೆಡ್ ಚೆನ್ನಾಗಿದೆ ಅಂದಮಾತ್ರಕ್ಕೆ ಹಾಳೆಯೇ ಕಾರಣ ಅನ್ನುವಂತಿಲ್ಲ. ಅಂಗಡಿಯ ಬ್ರೆಡ್ಡಿನಲ್ಲಿ ಕ್ಯಾಲ್ಸಿಯಂ ಪ್ರೊಪಿಯೊನೇಟ್‌ನಂಥ ಬೂಸ್ಟು ತಡೆಯುವ ವಸ್ತು ಮೊದಲೇ ಇರಬಹುದು. ಆ ದಿನಗಳು ಒಣಹವೆಯವು ಇರಬಹುದು. ಒಂದು ತಿಂಗಳು ನಾನು ನನ್ನ ಹಾಳೆಯನ್ನು ಮೆಚ್ಚಿಕೊಂಡಿದ್ದೆ. ಆಮೇಲೆ ಹಾಳೆ ಹಾಕದ ಡಬ್ಬಿಯ ಬ್ರೆಡ್ಡೂ ಅಷ್ಟೇ ದಿನ ಬಂತು!

ಅಂದಿನಿಂದ ಪ್ರತಿ ಹೊಸ ಅಳತೆಗೂ ಮೂರು ಡಬ್ಬಿ ಇಡುತ್ತೇನೆ. ಒಂದೇ ಅಳತೆಯ ಡಬ್ಬಿಗಳು, ಒಂದೇ ಬ್ರೆಡ್ಡಿನ ನಡುಭಾಗದ ತುಂಡುಗಳು, ಒಂದೇ ಕಪಾಟು. ಮೊದಲನೆಯದರಲ್ಲಿ ಬರೀ ಬ್ರೆಡ್. ಎರಡನೆಯದರಲ್ಲಿ ಎಣ್ಣೆಯಿಲ್ಲದ ಖಾಲಿ ಹಾಳೆ. ಮೂರನೆಯದರಲ್ಲಿ ಎಣ್ಣೆಯ ಹಾಳೆ. ಎರಡನೆಯ ಡಬ್ಬಿಯನ್ನು ಬಿಟ್ಟುಬಿಡುವ ಆಸೆ ಆಗುತ್ತದೆ, ಬಿಡಬೇಡಿ. ಹಾಳೆ ತೇವ ಎಳೆದುಕೊಂಡದ್ದರಿಂದ ಆದ ಲಾಭ ಎಷ್ಟು, ಎಣ್ಣೆಯಿಂದ ಆದದ್ದು ಎಷ್ಟು ಅಂತ ಹೇಳುವುದು ಅದೊಂದೇ. ಪ್ರತಿದಿನ ಒಂದೇ ಹೊತ್ತಿಗೆ ಗಾಜಿನ ಹೊರಗಿನಿಂದ ಫೋಟೊ ತೆಗೆಯಿರಿ. ತೆರೆಯಬೇಡಿ, ಮೂಸಲೂಬೇಡಿ. ಬೂಸ್ಟಿನ ಬೀಜಕಣ ಉಸಿರಿಗೆ ಸೇರುವುದು ಒಳ್ಳೆಯದಲ್ಲ. ಯಾವುದರಲ್ಲಿ ಮೊದಲ ಚುಕ್ಕೆ ಯಾವ ದಿನ ಬಂತು ಅಂತ ಮಾತ್ರ ಬರೆಯಿರಿ. ಕನಿಷ್ಠ ಮೂರು ಸಲ ಮಾಡಿ. ಪರೀಕ್ಷೆಯ ಬ್ರೆಡ್ಡನ್ನು ಎಂದೂ ತಿನ್ನಬೇಡಿ.

0.8 ಗ್ರಾಂ ಎಣ್ಣೆಯ ಹಾಳೆಗೂ ಖಾಲಿ ಹಾಳೆಗೂ ವ್ಯತ್ಯಾಸ ಕಾಣದಿದ್ದರೆ 1.6 ಗ್ರಾಂವರೆಗೆ ಹೋಗಿ. ವ್ಯತ್ಯಾಸ ಚೆನ್ನಾಗಿ ಕಂಡರೆ ಮುಂದಿನ ಸಲ 0.6, ಆಮೇಲೆ 0.4 ಅಂತ ಇಳಿಸುತ್ತಾ ಬನ್ನಿ. ಕೆಲಸ ಮಾಡುವ ಅತಿ ಕಡಿಮೆ ಎಣ್ಣೆ ಯಾವುದೋ ಅದೇ ನಿಮ್ಮ ಅಳತೆ. ಎಣ್ಣೆ ಜಾಸ್ತಿಯಾದಷ್ಟೂ ಹಾಳೆ ಮೆತ್ತಗಾಗಿ ಹರಿಯುತ್ತದೆ, ಊಟದ ರುಚಿಯೂ ಕೆಡುತ್ತದೆ.

ನೀರು ತಾಗುವ ಕಡೆ

ಕತ್ತರಿಸಿದ ಹಣ್ಣಿಗೆ ಈ ಹಾಳೆ ಸುತ್ತಿದರೆ ಮರುದಿನ ಲೋಳೆ. ಗಂಜಿ ಮತ್ತೆ ಗಂಜಿಯಾಗುತ್ತದೆ, ಅಷ್ಟೇ. ಸಸ್ಯದ ಹಾಳೆಗಳಿಗೆ ಇದು ಹಳೆಯ ಕಷ್ಟ. ಸ್ವಿಟ್ಜರ್‌ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ 1908ರಲ್ಲಿ ಸೆಲ್ಯುಲೋಸಿನಿಂದ ಸೆಲೋಫೇನ್ ಮಾಡಿದರು. ಅದು ನೀರಿನ ಆವಿಯನ್ನು ತಡೆಯುತ್ತಿರಲಿಲ್ಲ. 1927ರಲ್ಲಿ ಡ್ಯೂಪಾಂಟ್ ಕಂಪನಿಯ ವಿಲಿಯಂ ಹೇಲ್ ಚಾರ್ಚ್ ಅದಕ್ಕೆ ತೆಳುವಾದ ಲೇಪ ಕೊಟ್ಟ ಮೇಲೆಯೇ ಅದು ಆಹಾರ ಕಟ್ಟಲು ಸರಿಯಾಗಿ ಒದಗಿದ್ದು.

ಮನೆಯಲ್ಲಿ ಎರಡು ದಾರಿ ಇವೆ. ಒಂದು, ಸಸ್ಯದ ಮೇಣ. ಕ್ಯಾಂಡೆಲಿಲ್ಲಾ ಮೇಣ ಸುಮಾರು 70 ಡಿಗ್ರಿಗೆ ಕರಗುತ್ತದೆ, ತಾಳೆಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ 80 ದಾಟಬೇಕು. ಹಾಳೆಯ ಹೊರಮೈಗೆ ಮಾತ್ರ ಬ್ರಶ್ಶಿನಲ್ಲಿ ತೆಳುವಾಗಿ ಎಳೆಯಿರಿ. ಒಳಮೈಗೆ ಮೇಣ ಹಚ್ಚಿದರೆ ಎಣ್ಣೆಯ ಆವಿ ಊಟದ ಕಡೆಗೆ ಬರುವುದಿಲ್ಲ. ಮೇಣ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಆದ್ದರಿಂದ ಮಡಚುವ ಪೊಟ್ಟಣಕ್ಕೆ ಬೇಡ.

ಇನ್ನೊಂದು, ಕಂದು ಕಡಲಪಾಚಿಯಿಂದ ಬರುವ ಸೋಡಿಯಂ ಆಲ್ಜಿನೇಟ್. ನನಗೆ ಇದು ಹೆಚ್ಚು ಇಷ್ಟ. ನೀರಿಗೆ ಶೇಕಡಾ 2ರಷ್ಟು ಆಲ್ಜಿನೇಟ್ ಹಾಕಿ ಕದಡಿ ಒಂದು ರಾತ್ರಿ ಬಿಡಿ, ಗಂಟೆಲ್ಲ ಕರಗುತ್ತದೆ. ಗ್ಲಿಸರಿನ್ ಮೊದಲಿನ ಅಳತೆಯ ಅರ್ಧ, ಅದೇ ರೀತಿಯಲ್ಲಿ ಎಣ್ಣೆ, ಅದೇ ಟ್ರೇ. ಇದಕ್ಕೆ ಕುದಿಸುವುದು ಬೇಡ. ಒಣಗಿದ ಹಾಳೆಯನ್ನು ಶೇಕಡಾ 2ರ ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆಯಿರಿ. ಕ್ಯಾಲ್ಸಿಯಂ ಹೋಗಿ ಆಲ್ಜಿನೇಟಿನ ಎರಡು ಸರಪಳಿಗಳ ನಡುವೆ ಕೂತು ಗುಂಡಿ ಹಾಕಿದಂತೆ ಜೋಡಿಸುತ್ತದೆ. ಆ ಮೇಲೆ ಹಾಳೆ ನೀರಿನಲ್ಲಿ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಸ್ವಚ್ಛ ನೀರಿನಲ್ಲಿ ಒಮ್ಮೆ ಅದ್ದಿ ಒಣಗಿಸಿ, ಇಲ್ಲದಿದ್ದರೆ ಕಹಿ ಉಳಿಯುತ್ತದೆ. ಕ್ಯಾಲ್ಸಿಯಂ ಲ್ಯಾಕ್ಟೇಟ್ ಸಿಕ್ಕರೆ ಕಹಿಯ ಕಾಟ ಕಡಿಮೆ.

ಮಣ್ಣಿಗೆ ಹೋಗುವಾಗ

ಮಣ್ಣಿನಲ್ಲಿ ಕರಗುತ್ತದೆ ಅನ್ನುವ ಮಾತನ್ನು ಪೊಟ್ಟಣದ ಮೇಲೆ ಓದಿದಾಗೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ಯಾವ ಮಣ್ಣಿನಲ್ಲಿ, ಎಷ್ಟು ದಿನಕ್ಕೆ? ಪಿಎಲ್ಎ ಎಂಬ ಪ್ಲಾಸ್ಟಿಕ್ಕನ್ನೂ ಸಸ್ಯದ ಸಕ್ಕರೆಯಿಂದಲೇ ಮಾಡುತ್ತಾರೆ. ಆದರೆ ಅದು ಬೇಗ ಕರಗಲು 58 ಡಿಗ್ರಿ ಹತ್ತಿರದ ಬಿಸಿ ಇರುವ ದೊಡ್ಡ ಗೊಬ್ಬರ ಘಟಕ ಬೇಕು. ಗೊಬ್ಬರವಾಗುವ ಪೊಟ್ಟಣಗಳಿಗೆ ಇರುವ ಯುರೋಪಿನ ಇಎನ್ 13432 ಮಾನದಂಡವೂ ಅಂಥ ಘಟಕವನ್ನೇ ಮನಸ್ಸಿನಲ್ಲಿಟ್ಟು ಬರೆದದ್ದು. 12 ವಾರದಲ್ಲಿ ವಸ್ತು ಚೂರಾಗಿ, 2 ಮಿ.ಮೀ. ಜರಡಿಯ ಮೇಲೆ ಶೇಕಡಾ 10ಕ್ಕಿಂತ ಹೆಚ್ಚು ಉಳಿಯಬಾರದು ಅನ್ನುತ್ತದೆ ಅದು. ಹಿತ್ತಲಿನ ಗುಂಡಿಯಲ್ಲಿ ಅಷ್ಟು ಬಿಸಿ ಏಳುವುದು ಅಪರೂಪ.

ನಮ್ಮ ಗಂಜಿ ಹಾಳೆಗೆ ಅದು ಬೇಕಿಲ್ಲ. ಒಂದು ತುಂಡನ್ನು ಹಳೆಯ ಬಲೆಚೀಲದಲ್ಲಿಟ್ಟು, ದಾರ ಕಟ್ಟಿ, ಒಂದು ಗೇಣು ಆಳದಲ್ಲಿ ಹೂಳಿ. ವಾರಕ್ಕೊಮ್ಮೆ ದಾರ ಎಳೆದು ನೋಡಿ. ಎಣ್ಣೆ ಹಾಕಿದ ಹಾಳೆ ಖಾಲಿ ಹಾಳೆಗಿಂತ ತಡವಾಗಿ ಕರಗಬಹುದು, ಎಣ್ಣೆ ಮಣ್ಣಿನ ಜೀವಿಗಳನ್ನೂ ಮೊದಮೊದಲು ದೂರ ಇಡುತ್ತದೆ. ಅದಕ್ಕೆ ನಾನು ಬಳಸಿದ ಹಾಳೆಗಳನ್ನು ಕೆಲವು ದಿನ ಗಾಳಿಗೆ ಬಿಟ್ಟು, ವಾಸನೆ ಹೋದ ಮೇಲೆ ಗೊಬ್ಬರಕ್ಕೆ ಹಾಕುತ್ತೇನೆ. ಮೇಣ ಹಚ್ಚಿದ್ದನ್ನು ಚೂರು ಮಾಡಿ ಹಾಕಿ.

ಮಾರುವ ಯೋಚನೆ ಇದ್ದರೆ ಇಷ್ಟು ಸಾಲದು. ಹಾಳೆಯಿಂದ ಆಹಾರಕ್ಕೆ ಏನು ಎಷ್ಟು ಇಳಿಯುತ್ತದೆ ಅನ್ನುವ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಮಾಡಿಸಬೇಕು. ಅದಿಲ್ಲದೆ ನಾನು ಪಕ್ಕದ ಮನೆಗೂ ಕೊಡುವುದಿಲ್ಲ.

ಮನೆಯ ಡಬ್ಬಿಗಳ ಮುಚ್ಚಳದ ಮೇಲೆ ಈಗ ದಪ್ಪ ಕಪ್ಪು ಅಕ್ಷರದಲ್ಲಿ ಎರಡು ದಿನಾಂಕ ಇರುತ್ತವೆ. ಬ್ರೆಡ್ ಇಟ್ಟ ದಿನ ಮೇಲೆ, ಹಾಳೆ ಅಂಟಿಸಿದ ದಿನ ಕೆಳಗೆ. ಅಕ್ಷರ ಎರಡು ಬೆರಳು ಎತ್ತರ, ಅಪ್ಪನಿಗೆ ಓದಲು ಬರುವಷ್ಟು. ನಮ್ಮ ಪರೀಕ್ಷೆಯ ಡಬ್ಬಿಯಲ್ಲಿ ಮೊದಲ ಚುಕ್ಕೆ ಬಂದ ದಿನಕ್ಕಿಂತ ಎರಡು ದಿನ ಮೊದಲೇ ಉಳಿದ ಬ್ರೆಡ್ಡನ್ನು ಮುಗಿಸಬೇಕು ಅಂತ ಲೆಕ್ಕ ಇಟ್ಟುಕೊಂಡಿದ್ದೇವೆ. ಲೆಕ್ಕ ತಪ್ಪಿದರೆ ಅಪ್ಪ ಡಬ್ಬಿ ತೆರೆಯುವುದಿಲ್ಲ, ನನ್ನನ್ನು ಕರೆಯುತ್ತಾರೆ.